ಅಪ್ಪನಿಗೊಂದು ಲ್ಯಾಟಿನ್ ಪೂಜೆ

ಮನೆಯಲ್ಲಿ ಅವಳನ್ನು ಬುಗುರಿ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವರು ಅಪ್ಪ. ಊಟಕ್ಕೆ ಕೂತರೆ ಅರ್ಧಕ್ಕೇ ಎದ್ದು ನೀರು ತರಲು ಹೋಗುವಳು. ಹೋದವಳು ಕಿಟಕಿ ಒರೆಸಿಕೊಂಡು ಬರುವಳು, ನೀರು ಮಾತ್ರ ಅಲ್ಲೇ ಉಳಿದಿರುತ್ತಿತ್ತು. ವಯಸ್ಸು ಐವತ್ತಾರಾದರೂ ಆ ಚಡಪಡಿಕೆ ಹೋಗಿರಲಿಲ್ಲ. ಪುಸ್ತಕಗಳಿಗೆ ರಟ್ಟು ಕಟ್ಟುವುದು ಅವಳ ಕಸುಬು. ಶಾಲೆಗಳ ಹರಿದ ನಿಘಂಟು, ವಕೀಲರ ದಪ್ಪ ಪುಸ್ತಕ, ಯಾರದೋ ಅಜ್ಜಿಯ ಪ್ರಾರ್ಥನಾ ಪುಸ್ತಕ, ಎಲ್ಲವೂ ಅವಳ ಮೇಜಿಗೆ ಬಂದು ಬೆನ್ನು ನೆಟ್ಟಗೆ ಮಾಡಿಕೊಂಡು ಹೋಗುತ್ತಿದ್ದವು. ಹೊಲಿಗೆಯಲ್ಲಿ ಪಳಗಿದ ಕೈ. ಅಂಟು ಒಣಗುವವರೆಗೆ ಕಾಯುವುದೊಂದು ಅವಳಿಂದ ಆಗುತ್ತಿರಲಿಲ್ಲ. ಅದಕ್ಕೇ ಒಂದೇ ಸಲಕ್ಕೆ ಆರು ಪುಸ್ತಕ ಬಿಚ್ಚಿ ಹರಡಿಕೊಳ್ಳುತ್ತಿದ್ದಳು.

ತಮ್ಮನ ಹೆಂಡತಿ ಫೋನ್ ಮಾಡಿದಾಗಲೂ ಅವಳ ಕೈಯಲ್ಲಿ ಸೂಜಿ ಇತ್ತು.

“ಅತ್ತಿಗೆ, ಇವರಿಗೆ ಮಂಡಿ ಆಪರೇಷನ್ ಆಗಿ ಮೂರು ವಾರ ಆಯ್ತು. ನನಗೆ ಇನ್ನು ರಜ ಸಿಗಲ್ಲ. ಒಂದು ಹತ್ತು ದಿನ ಬಂದಿರ್ತೀರಾ?”

“ಅವನು ಕರೆದನಾ?”

“ನಾನು ಕರೀತಿದೀನಿ.”

ಒಂಬತ್ತು ವರ್ಷದಿಂದ ಅಕ್ಕ ತಮ್ಮನ ನಡುವೆ ಮಾತು ನಿಂತೇಹೋಗಿತ್ತು. ಕಾರಣ ಅಪ್ಪನ ಸಾವು.

ಅಪ್ಪ ಊರಿನ ಚರ್ಚಿನಲ್ಲಿ ಗಂಟೆ ಹೊಡೆಯುವುದು, ದೀಪ ಹಚ್ಚುವುದು, ಪೂಜಾವಸ್ತ್ರ ಮಡಿಸಿಡುವುದು ಎಲ್ಲ ನೋಡಿಕೊಳ್ಳುತ್ತಿದ್ದರು. ಪೂಜೆಯ ಭಾಷೆ ಲ್ಯಾಟಿನ್‌ನಿಂದ ಜನರ ಮಾತಿಗೆ ಬದಲಾದ ಮೇಲೂ ಮುದಿ ಪಾದ್ರಿಯೊಬ್ಬರು ಬೆಳಗಿನ ಹೊತ್ತು ಪಕ್ಕದ ಪೀಠದಲ್ಲಿ ಹಳೆಯ ಕ್ರಮದಲ್ಲೇ ಪೂಜೆ ಮಾಡುತ್ತಿದ್ದರು. ಅವರ ಬಳಿ ನಿಂತು, ಅವರು ಪ್ರಾರ್ಥನೆ ಹೇಳಿದಂತೆಲ್ಲ ಜನರ ಪರವಾಗಿ ಉತ್ತರ ಹೇಳಲು ಅಪ್ಪ ಮಗನನ್ನು ತಯಾರು ಮಾಡಿದರು. ಲ್ಯಾಟಿನ್ ಮಾತುಗಳನ್ನು ನಮ್ಮ ಅಕ್ಷರದಲ್ಲಿ ಬರೆದು, ಅಡುಗೆಮನೆಯಲ್ಲಿ ನಿಲ್ಲಿಸಿ, ಬಾಯಿಪಾಠ ಮಾಡಿಸಿದರು. ತಮ್ಮನಿಗಾಗ ಎಂಟು, ಅವಳಿಗೆ ಹನ್ನೊಂದು. ತರಕಾರಿ ಹೆಚ್ಚುತ್ತಾ ಕೇಳಿಸಿಕೊಂಡೇ ಅವಳು ಅವನಿಗಿಂತ ಮೊದಲು ಕಲಿತುಬಿಟ್ಟಳು. ಅವನು ತಡವರಿಸಿದರೆ ಇವಳು ಬೆನ್ನ ಹಿಂದಿನಿಂದ ಪಿಸುಗುಟ್ಟುವಳು. “ನಿನ್ನನ್ನ ಯಾರು ಕೇಳಿದ್ರು?” ಎಂದು ಅಪ್ಪ ಗದರುವರು. ಹುಡುಗಿಯರು ಪೀಠದ ಮೆಟ್ಟಿಲು ಹತ್ತುವ ಹಾಗಿರಲಿಲ್ಲ.

ಸಾಯುವ ಮುಂಚೆ ಅಪ್ಪ ಕೇಳಿದ್ದು ಒಂದೇ: “ನನಗೆ ಹಳೇ ಪೂಜೇನೇ ಆಗಬೇಕು.” ಆ ಹೊತ್ತಿಗೆ ಮುದಿ ಪಾದ್ರಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಹೊಸ ಪಾದ್ರಿ, “ಅನುಮತಿ ಬೇಕಮ್ಮ, ಬೇರೆ ಕಡೆಯಿಂದ ಯಾರನ್ನಾದ್ರೂ ಕರೆಸಬೇಕು, ಎರಡು ದಿನ ಹಿಡಿಯುತ್ತೆ” ಎಂದರು. ತಮ್ಮ ದೂರದ ಮಹಾನಗರದಿಂದ ಇನ್ನೂ ದಾರಿಯಲ್ಲಿದ್ದ. ಅಪ್ಪ ತೀರಿಕೊಂಡ ಆ ಹಗಲೆಲ್ಲ ಅವಳು ಹೆಣದ ಸುತ್ತ ಓಡಾಡಿದಳು, ಕುರ್ಚಿ ಸರಿಸಿದಳು, ಮತ್ತೆ ಸರಿಸಿದಳು. ಸಂಜೆ ನಾಲ್ಕಕ್ಕೆ, “ನಿಮಗೆ ಹೇಗೆ ಆಗುತ್ತೋ ಹಾಗೇ ಮಾಡಿ ಫಾದರ್” ಎಂದುಬಿಟ್ಟಳು. ತಮ್ಮ ಬಂದಾಗ ಗುಂಡಿ ಮುಚ್ಚಿ ಹೂವಿಟ್ಟಾಗಿತ್ತು. ಅವನು ಮನೆಯೊಳಕ್ಕೂ ಬರಲಿಲ್ಲ. ತಂದ ಚೀಲ ಹೆಗಲಿಂದ ಇಳಿಸದೆ ತಿರುಗಿ ಹೋದ.

ಅಂಥ ತಮ್ಮನ ಮನೆಗೆ ಈಗ ಅವಳು ಬಂದಿಳಿದಳು. ಮೂರನೇ ಮಹಡಿ, ಲಿಫ್ಟ್ ಇಲ್ಲ. ಅವನು ಕನ್ನಡಕದ ಗಾಜು ಉಜ್ಜಿ ನಯಮಾಡುವ ಕೆಲಸದವನು. ಕೆಲಸವಿಲ್ಲದೆ ಕಿಟಕಿಯ ಪಕ್ಕ ಕಾಲು ಚಾಚಿ ಕೂತು ಎದುರು ಕಟ್ಟಡದ ಕಿಟಕಿಗಳನ್ನು ನೋಡುತ್ತಿದ್ದ. “ಬಂದ್ಯಾ” ಎಂದ. ಅಷ್ಟೇ. ಅವಳು ಮೂರು ದಿನದಲ್ಲಿ ಸಡಿಲವಾಗಿದ್ದ ಬೀರುವಿನ ಬಾಗಿಲು ಬಿಗಿ ಮಾಡಿದಳು, ಚಾಕುಗಳನ್ನೆಲ್ಲ ಮಸೆದಳು, ಸೋಪಿನ ಡಬ್ಬಿ ತಿಕ್ಕಿದಳು. “ಅಕ್ಕ, ಒಂದು ಕಡೆ ಕೂತ್ಕೋ. ನಿನ್ನ ನೋಡಿ ನನಗೆ ತಲೆ ಸುತ್ತುತ್ತೆ” ಎಂದು ಅವನು ಬಾಯಿ ಬಿಟ್ಟದ್ದು ಶನಿವಾರ.

ಬಾಯಿ ಬಿಟ್ಟನಲ್ಲ ಎಂದು ಅವಳಿಗೆ ಧೈರ್ಯ ಬಂತು. “ಇಷ್ಟು ದೊಡ್ಡ ಊರಲ್ಲಿ ಹಳೇ ಪೂಜೆ ಎಲ್ಲೂ ಇಲ್ವೇನೋ?”

“ನನಗೇನು ಗೊತ್ತು? ನಾನು ಚರ್ಚಿಗೆ ಹೋಗಿ ಒಂಬತ್ತು ವರ್ಷ ಆಯ್ತು” ಎಂದವನು ಮುಖ ಕಿಟಕಿಗೆ ತಿರುಗಿಸಿದ.

ಮಾರನೆಯ ಬೆಳಿಗ್ಗೆ ಅವಳು ಒಬ್ಬಳೇ ಹೊರಟಳು. ಹತ್ತಿರದ ಚರ್ಚು ದೊಡ್ಡದು. ಕಂಬಕ್ಕೊಂದು ಸ್ಪೀಕರು, ಗೋಡೆಯ ಪರದೆಯ ಮೇಲೆ ಹಾಡಿನ ಸಾಲುಗಳು, ಗಿಟಾರಿನವರು ತಂತಿ ಸರಿಮಾಡಿಕೊಳ್ಳುತ್ತಿದ್ದರು. ಬಾಗಿಲಲ್ಲಿ ಮೇಣದಬತ್ತಿ ಮಾರುವ ಹೆಂಗಸನ್ನು ಕೇಳಿದಳು.

“ಲ್ಯಾಟಿನ್ನಾ? ಅದು ರೈಲ್ವೆ ಗೋದಾಮಿನ ಹಿಂದೆ ಇತ್ತಲ್ವಾ? ಹಸಿರು ಬಾಗಿಲು. ಈಗ ಇದೆಯೋ ಇಲ್ವೋ.”

ಬಸ್ಸು ಹತ್ತಿದಳು. ಕೂರಲು ಜಾಗವಿದ್ದರೂ ನಿಂತೇ ಹೋದಳು, ನಿಂತರೆ ಬಸ್ಸು ಬೇಗ ಹೋದೀತೆಂಬಂತೆ. ಗೋದಾಮಿನ ಹಿಂದೆ ಹಸಿರು ಬಾಗಿಲೇನೋ ಸಿಕ್ಕಿತು. ತಳ್ಳಿದರೆ ಒಳಗೆ ಸೋಫಾಗಳು. ಕಮಾನಿನ ಕಿಟಕಿಗಳ ಕೆಳಗೆ, ಪೀಠವಿದ್ದಿರಬಹುದಾದ ಜಾಗದಲ್ಲಿ, ಬಡಗಿಯೊಬ್ಬ ಕುರ್ಚಿಯ ಕಾಲಿಗೆ ಮರಳು ಕಾಗದ ಉಜ್ಜುತ್ತಿದ್ದ.

“ಚರ್ಚಾ? ಅವರು ಖಾಲಿ ಮಾಡಿ ಆರು ವರ್ಷ ಆಯ್ತಲ್ಲಮ್ಮ” ಎಂದ. ಅವಳ ಮುಖ ನೋಡಿ ಉಜ್ಜುವುದನ್ನು ನಿಲ್ಲಿಸಿದ. “ಮುಚ್ಚಿಲ್ಲ, ಬೇರೆ ಕಡೆ ಹೋಗಿದಾರೆ. ಬೆಂಚು ನಾನೇ ಸಾಗಿಸಿ ಕೊಟ್ಟಿದ್ದು. ಎರಡು ಗಾಜಿನ ಕಟ್ಟಡದ ಮಧ್ಯೆ ಇದೆ, ಸಣ್ಣದು. ಕಣ್ಣು ಬಿಟ್ಕೊಂಡು ನಡೀರಿ, ಇಲ್ಲಾಂದ್ರೆ ದಾಟಿ ಹೋಗ್ತೀರಿ.”

ಅವನು ರಟ್ಟಿನ ಚೂರಿನ ಮೇಲೆ ಪೆನ್ಸಿಲಿನಿಂದ ದಾರಿ ಗೀಚಿಕೊಟ್ಟ. ಆದರೂ ಅವಳು ಎರಡು ಸಲ ದಾಟಿಯೇ ಹೋದಳು. ಮೂರನೇ ಸಲ ಧೂಪದ ವಾಸನೆ ಮೂಗಿಗೆ ಬಡಿದು ನಿಂತಳು. ಕಚೇರಿ ಕಟ್ಟಡಗಳ ನಡುವೆ, ಪುಸ್ತಕದ ಕಪಾಟಿನಲ್ಲಿ ತುರುಕಿದ ತೆಳ್ಳನೆಯ ಪುಸ್ತಕದ ಹಾಗೆ, ಚರ್ಚು ಇತ್ತು. ಆದರೆ ಜನ ಹೊರಗೆ ಬರುತ್ತಿದ್ದರು. ಪೂಜೆ ಮುಗಿದಿತ್ತು.

ಮೆಟ್ಟಿಲ ಮೇಲೆಯೇ ಅವಳಿಗೆ ಅಳು ಬಂತು. ತನ್ನಂಥ ಮುದುಕರೇ ಇರುತ್ತಾರೆಂದುಕೊಂಡಿದ್ದಳು. ನೋಡಿದರೆ ಕಂಕುಳಲ್ಲಿ ಮಕ್ಕಳನ್ನಿಟ್ಟುಕೊಂಡ ಹರೆಯದ ಗಂಡಹೆಂಡಿರೇ ಹೆಚ್ಚು. ಪಾದ್ರಿ ಇನ್ನೂ ಚಿಕ್ಕವರು, ಮೂವತ್ತೈದು ದಾಟಿರಲಾರರು. ಅವಳು ಅವರೆದುರು ನಿಂತು, ಒಂದೇ ಉಸಿರಿಗೆ, ಅಪ್ಪ, ಎರಡು ದಿನ, ಸಂಜೆ ನಾಲ್ಕು ಗಂಟೆ, ತಮ್ಮ, ಎಲ್ಲ ಹೇಳಿಬಿಟ್ಟಳು.

ಅವರು ತಡೆಯದೆ ಕೇಳಿದರು. “ಬುಧವಾರ ಬೆಳಿಗ್ಗೆ ಆರೂವರೆಗೆ ನಿಮ್ಮ ತಂದೆಯವರಿಗೆ ಪೂಜೆ ಮಾಡೋಣ, ಆಗುತ್ತಾ?”

“ನಾಳೆ ಆಗಲ್ವಾ?”

“ನಾಳೆ ಬೇರೆಯವರದಿದೆ ಅಮ್ಮ” ಎಂದು ನಕ್ಕರು.

ಮನೆಗೆ ಬಂದು ತಮ್ಮನಿಗೆ ಹೇಳಿದಳು. ಅವನು ಬಹಳ ಹೊತ್ತು ಮಂಡಿಯ ಪಟ್ಟಿಯನ್ನೇ ನೀವಿಕೊಂಡ.

“ಒಂಬತ್ತು ವರ್ಷ ಆದ್ಮೇಲೆ ನೆನಪಾಯ್ತಾ?”

“ಮರೆತಿದ್ದರೆ ತಾನೇ ನೆನಪಾಗೋದು? ಅಪ್ಪನ ಮಾತು ನಡೆಸಲಿಲ್ಲ ಅಂತ ನಿನಗೆ ಸಿಟ್ಟು. ಈಗಲಾದ್ರೂ...”

“ಲ್ಯಾಟಿನ್ನಿಗಲ್ಲ ಅಕ್ಕ ನನ್ನ ಸಿಟ್ಟು!” ಅವನ ದನಿ ಏರಿತು. ಅಡುಗೆಮನೆಯಲ್ಲಿದ್ದ ಹೆಂಡತಿ ನಲ್ಲಿ ನಿಲ್ಲಿಸಿದಳು. “ಅವರು ಯಾವ ಭಾಷೇಲಾದ್ರೂ ಮಾಡ್ಲಿ. ನಾನು ದಾರೀಲಿದ್ದೆ. ಬರ್ತಾ ಇದೀನಿ ಅಂತ ನಾಲ್ಕು ಸಲ ಫೋನ್ ಮಾಡಿದ್ದೆ. ನೀನು ಕಾಯಲಿಲ್ಲ. ಮುಖ ನೋಡೋಕೆ ಬಿಡಲಿಲ್ಲ.”

ಒಂಬತ್ತು ವರ್ಷ ಅವಳು ತಪ್ಪು ಗಾಯಕ್ಕೆ ಮುಲಾಮು ಹುಡುಕಿದ್ದಳು. ಬಿಸಿಲಿತ್ತು, ಹೆಣ ಕೆಡುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು, ಎನ್ನಬಹುದಿತ್ತು. ಅದು ಸುಳ್ಳೂ ಆಗಿರಲಿಲ್ಲ. ಆದರೆ ನಿಜ ಬೇರೆ ಇತ್ತು.

“ನನಗೆ ಅಲ್ಲಿ ಇರೋಕಾಗ್ತಿರಲಿಲ್ಲ ಕಣೋ” ಎಂದಳು. “ಅಪ್ಪ ಅಲ್ಲಾಡದೆ ಮಲಗಿರೋದನ್ನ ನೋಡ್ಕೊಂಡು ಕೂತಿರೋಕೆ ಆಗ್ಲಿಲ್ಲ. ಹೇಗಾದ್ರೂ ಮುಗೀಲಿ ಅನ್ನಿಸ್ತು. ತಪ್ಪು ನಂದೇ.”

ಅವನು ಪಕ್ಕದಲ್ಲಿದ್ದ ಊರುಗೋಲನ್ನು ಗೋಡೆಗೆ ಒರಗಿಸಿದ. “ನಾನು ಬರಲ್ಲ. ಮೂರು ಮಹಡಿ ಇಳಿಯೋಕೆ ಡಾಕ್ಟರು ಇನ್ನೂ ಹೇಳಿಲ್ಲ” ಎಂದಷ್ಟೇ ಅಂದ.

ಬುಧವಾರ ಅವಳು ಆರು ಗಂಟೆಗೇ ಚರ್ಚಿನ ಬಾಗಿಲಲ್ಲಿದ್ದಳು. ಬೀಗ ತೆಗೆದದ್ದು ಆರೂಕಾಲಿಗೆ. ಒಳಗೆ ಅವಳೊಬ್ಬಳೇ. ಪಾದ್ರಿ ಕಪ್ಪು ಪೂಜಾವಸ್ತ್ರ ತೊಟ್ಟು ಹೊರಗೆ ಬಂದರು, ಕೈಯಲ್ಲಿ ಫೋನ್ ಹಿಡಿದಿದ್ದರು.

“ಅಮ್ಮ, ಉತ್ತರ ಹೇಳಬೇಕಾದ ಹಿರಿಯರು ಬರ್ತಾ ಇಲ್ಲ, ಮನೇಲಿ ಹೆಂಡತಿಗೆ ಹುಷಾರಿಲ್ಲವಂತೆ. ಏಳೂಕಾಲಿಗೆ ನಾನು ಆಸ್ಪತ್ರೇಲಿ ಇರಬೇಕು. ಒಬ್ಬರಾದರೂ ಉತ್ತರ ಹೇಳಬೇಕು. ನಿಮಗೆ ಬರುತ್ತಾ? ಪೀಠದ ಹತ್ತಿರ ಬರೋದು ಬೇಡ, ಬೆಂಚಿನಿಂದಲೇ ಸಾಕು.”

“ಬರುತ್ತೆ” ಎಂಬ ಮಾತು ಯೋಚಿಸುವ ಮುಂಚೆಯೇ ಬಾಯಿಂದ ಬಂದಿತ್ತು. ಬಾಯಿ ಬಿಟ್ಟು ಆ ಮಾತುಗಳನ್ನು ಹೇಳಿ ನಲವತ್ತೈದು ವರ್ಷ!

ಪಾದ್ರಿ ಪೀಠಕ್ಕೆ ಮುಖ ಮಾಡಿ ತಗ್ಗಿದ ದನಿಯಲ್ಲಿ ಶುರು ಮಾಡಿದರು. ಮೊದಲನೇ ಉತ್ತರದಲ್ಲಿ ಒಂದು ಪದ ತಪ್ಪಿಹೋಯಿತು. ಎರಡನೆಯದು ಬಂತು. ಮೂರನೆಯದು ತಾನಾಗಿಯೇ ಬಂತು, ಅದರ ಹಿಂದೆ ಒಂದೊಂದಾಗಿ ಉಳಿದವು. ತನ್ನ ದನಿ ಖಾಲಿ ಗೋಡೆಗಳಿಗೆ ತಾಕಿ ಹಿಂದಿರುಗುವುದನ್ನು ಕೇಳಿ ಅವಳಿಗೆ ನಾಚಿಕೆಯೂ ಆಯಿತು, ಏನೋ ಒಂದು ಹೆಮ್ಮೆಯೂ ಆಯಿತು. ಯಾರೋ ಗದರಿಸುತ್ತಾರೆಂದು ಕಾದಳು. ಯಾರೂ ಗದರಿಸಲಿಲ್ಲ.

ರೊಟ್ಟಿ, ದ್ರಾಕ್ಷಾರಸ ಅರ್ಪಿಸಿದ ಮೇಲೆ ಒಂದು ಉದ್ದನೆಯ ಉತ್ತರವಿದೆ. ನಾಲಿಗೆ ತೊಡರಿಸುವಂಥದ್ದು, ಚಿಕ್ಕಂದಿನಲ್ಲಿ ತಮ್ಮ ಬೈಸಿಕೊಂಡದ್ದೆಲ್ಲ ಅದಕ್ಕೇ. ಪಾದ್ರಿ ಅವಳತ್ತ ತಿರುಗಿ, ಮತ್ತೆ ಪೀಠಕ್ಕೆ ತಿರುಗಿದರು. ಅವಳು ಎರಡು ಪದ ಹೇಳಿದಳು. ಮೂರನೆಯದು ಇಲ್ಲ. ತಲೆ ಪೂರಾ ಖಾಲಿ. ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದಳು.

ಹಿಂದಿನಿಂದ, ಏದುಸಿರಿನ ನಡುವೆ, ಗಂಡಸಿನ ದನಿಯೊಂದು ಮೂರನೇ ಪದದಿಂದ ಹಿಡಿದು ಕೊನೆಯವರೆಗೂ ಹೇಳಿ ಮುಗಿಸಿತು.

ಅವಳು ತಿರುಗಿ ನೋಡಲಿಲ್ಲ. ನೋಡಿದರೆ ಎದ್ದು ಅವನತ್ತ ಓಡಿಬಿಡುತ್ತೇನೆಂದು ಗೊತ್ತಿತ್ತು. ಊರುಗೋಲು ಬೆಂಚಿಗೆ ಒರಗಿದ ಸದ್ದು, ತಮ್ಮನ ಹೆಂಡತಿ “ನಿಧಾನ, ನಿಧಾನ” ಎಂದದ್ದು ಕೇಳಿಸಿತು. ಮುಂದಿನ ಉತ್ತರಗಳನ್ನು ಇಬ್ಬರೂ ಹೇಳಿದರು. ಅವಳದು ಅವಸರ, ಅವನದು ನಿಧಾನ. ಒಂದು ಸಲವೂ ಒಟ್ಟಿಗೆ ಮುಗಿಯಲಿಲ್ಲ.

ಪೂಜೆ ಮುಗಿದು ಪಾದ್ರಿ ಆಸ್ಪತ್ರೆಗೆ ಓಡಿದರು. ತಮ್ಮ ಕೊನೇ ಬೆಂಚಿನಲ್ಲಿ ಕಾಲು ಚಾಚಿ ಕೂತಿದ್ದ, ಮುಖವೆಲ್ಲ ಬೆವರು.

“ಹೇಗೋ ಬಂದೆ?”

“ಹೇಗೆ ಬಂದರು ಅಂತ ನನ್ನ ಕೇಳಿ ಅತ್ತಿಗೆ” ಎಂದಳು ಅವನ ಹೆಂಡತಿ. “ಮಗು ಇಳಿಯೋ ಹಾಗೆ ಕೂತ್ಕೊಂಡು ಒಂದೊಂದೇ ಮೆಟ್ಟಿಲು ಇಳಿದರು, ಐವತ್ನಾಲ್ಕು ಮೆಟ್ಟಿಲು. ನಾನು ಕೋಲು ಹಿಡ್ಕೊಂಡು ಬೈಕೊಂಡು ಬಂದೆ. ಟ್ಯಾಕ್ಸಿಯವನು ಆಸ್ಪತ್ರೆಗಾ ಅಂತ ಕೇಳ್ದ.”

“ನೀನು ಮೊದಲನೇ ಉತ್ತರದಲ್ಲಿ ಒಂದು ಪದ ನುಂಗಿದೆ” ಎಂದ ತಮ್ಮ, ಅಕ್ಕನನ್ನು ನೋಡದೆ.

“ನೀನು ಅಷ್ಟು ಹೊತ್ತಿಂದ ಇದ್ಯಾ?”

“ಬಾಗಿಲಲ್ಲಿದ್ದೆ. ಒಳಗೆ ಬರೋಕೆ ಹೊತ್ತು ಹಿಡೀತು.”

ವಾಪಸು ಹತ್ತುವುದು ಇಳಿದದ್ದಕ್ಕಿಂತ ಕಷ್ಟವಾಯಿತು. ತಮ್ಮನ ಹೆಂಡತಿ ಕೆಲಸಕ್ಕೆ ಹೊತ್ತಾಯಿತೆಂದು ಕೆಳಗಿನಿಂದಲೇ ಹೊರಟುಹೋದಳು. ಅವನು ಬೆನ್ನು ಮುಂದಾಗಿ, ಕೂತುಕೊಂಡೇ, ಒಂದೊಂದು ಮೆಟ್ಟಿಲು ಏರಿದ. ಆಪರೇಷನ್ ಆದ ಕಾಲನ್ನು ಅವಳು ಎರಡೂ ಕೈಯಲ್ಲಿ ಎತ್ತಿ ಎತ್ತಿ ಇಟ್ಟಳು. ಎರಡನೇ ಮಹಡಿಯಲ್ಲಿ ಮನೆಯೊಂದರ ಯಜಮಾನ ಬಾಗಿಲು ತೆರೆದು, ನೋಡಿ, ಏನೂ ಕೇಳದೆ ಕುಡಿಯಲು ನೀರು ತಂದುಕೊಟ್ಟ. ಅಲ್ಲಿಯೇ ಇಬ್ಬರೂ ಮೆಟ್ಟಿಲ ಮೇಲೆ ಕೂತರು.

ಅವಳಿಗೆ ತಡೆಯಲಾಗಲಿಲ್ಲ. “ಈಗಲೂ ನನ್ನ ಮೇಲೆ ಸಿಟ್ಟಿದೆಯೇನೋ?”

“ಅಕ್ಕ, ಮೊದಲು ಉಸಿರಾಡೋಕೆ ಬಿಡು.”

ಅವಳು ಮತ್ತೆ ಕೇಳಬೇಕೆಂದು ಮೂರು ಸಲ ಬಾಯಿ ತೆರೆದಳು, ಮೂರು ಸಲವೂ ಮುಚ್ಚಿದಳು. ಅವನು ನೀರಿನ ಲೋಟವನ್ನು ಅವಳತ್ತ ಸರಿಸಿದ. ಅರ್ಧ ಉಳಿಸಿದ್ದ.

ಆ ಸಂಜೆ ಅವನ ಮಂಡಿ ಕುಂಬಳಕಾಯಿಯಂತೆ ಊದಿತು. ಫೋನಿನಲ್ಲಿ ಡಾಕ್ಟರು ಬೈದ ಬೈಗುಳ ಪಕ್ಕದ ಕೋಣೆಯವರೆಗೂ ಕೇಳಿಸಿತು. ಅವಳು ಮಂಜುಗಡ್ಡೆ ಕಟ್ಟಿದ ಟವೆಲನ್ನು ಗಂಟೆಗೊಮ್ಮೆ ಬದಲಿಸುತ್ತಾ, ಮೆಟ್ಟಿಲ ಕೊಳೆ ಹತ್ತಿ ಹಿಂಭಾಗವೆಲ್ಲ ಕಪ್ಪಾಗಿದ್ದ ಅವನ ಪ್ಯಾಂಟನ್ನು ನೆನೆಹಾಕಿ ತಿಕ್ಕಿದಳು. ಕಲೆ ಪೂರ್ತಿ ಹೋಗಲಿಲ್ಲ. “ಬಿಡು, ಹಳೇದು” ಎಂದ ಅವನು ಒಳಗಿನಿಂದ. ಅವಳು ಇನ್ನೊಮ್ಮೆ ಸೋಪು ಹಚ್ಚಿದಳು.