ಅಂಟಾರ್ಕ್ಟಿಕಾ ದೊರೆಸ್ವಾಮಿಯ ಚಳಿ

ಬಸವನಗುಡಿಯಲ್ಲಿ ದೊರೆಸ್ವಾಮಿಗಳಿಗೆ ಬರವಿಲ್ಲ. ಪಿಟೀಲು ದೊರೆಸ್ವಾಮಿ ಇದ್ದಾರೆ, ಬ್ಯಾಂಕ್ ದೊರೆಸ್ವಾಮಿ ಇದ್ದಾರೆ, ಬೆಳಗಿನ ವಾಕಿಂಗಿನಲ್ಲಿ ಸಿಕ್ಕಸಿಕ್ಕವರ ಮಂಡಿನೋವಿಗೆ ಎಣ್ಣೆ ಹೇಳುವ ಆಯುರ್ವೇದ ದೊರೆಸ್ವಾಮಿಯೂ ಇದ್ದಾರೆ. ಆದರೆ ಇಡೀ ಒಂದು ಖಂಡವನ್ನು ಹೆಸರಿನ ಮುಂದೆ ಕಟ್ಟಿಕೊಂಡು ಓಡಾಡುವವರು ಒಬ್ಬರೇ. ಗಾಂಧಿ ಬಜಾರಿನ ಪಕ್ಕದ ರಸ್ತೆಯ ಹಳೇ ಹೊಟೇಲೊಂದರ ಮುಖ್ಯ ಅಡುಗೆಯವರು, ವಯಸ್ಸು ಅರವತ್ತೊಂದು, ಅಂಟಾರ್ಕ್ಟಿಕಾ ದೊರೆಸ್ವಾಮಿ.

ಇಪ್ಪತ್ತೆಂಟು ವರ್ಷದ ಹಿಂದೆ ಅವರು ಒಂದು ಸಂಶೋಧನಾ ಸಂಸ್ಥೆಯ ಕ್ಯಾಂಟೀನಿನಲ್ಲಿದ್ದರು. ಅಲ್ಲಿಂದ ಹೊರಟ ವಿಜ್ಞಾನಿಗಳ ತಂಡವೊಂದು ಅವರನ್ನೂ ಹಡಗು ಹತ್ತಿಸಿಕೊಂಡು ಹೋಗಿ, ಭೂಮಿಯ ತಳದ ಹಿಮಖಂಡದಲ್ಲಿ ಹದಿನಾಲ್ಕು ತಿಂಗಳು ಇಟ್ಟುಕೊಂಡಿತು. ತಂಡದ ನಾಯಕರಿಗೆ ಸಾರಿಲ್ಲದೆ ಅನ್ನ ಇಳಿಯುತ್ತಿರಲಿಲ್ಲ, ಕಾರಣ ಅಷ್ಟೇ. ದೊರೆಸ್ವಾಮಿಯವರ ಬಾಯಲ್ಲಿ ಮಾತ್ರ ಅದು "ದೇಶಕ್ಕೆ ನನ್ನ ಅವಶ್ಯಕತೆ ಬಿತ್ತು" ಎಂದಾಗುತ್ತಿತ್ತು.

ಹೋದ ಮೊದಲ ವಾರವೇ ಬೆಂಗಳೂರಿನ ಅಭ್ಯಾಸದಂತೆ ಇಡ್ಲಿಗೆ ರುಬ್ಬಿ, ಮುಚ್ಚಿ, ಉಗ್ರಾಣದ ಮೂಲೆಯಲ್ಲಿಟ್ಟು ಬಂದರು. ಮರುದಿನ ನೋಡಿದರೆ ಹಿಟ್ಟು ಉಬ್ಬುವುದಿರಲಿ, ಸೌಟು ತಾಗಿಸಿದರೆ ಠಣ್ ಎಂದಿತು. ಆಮೇಲೆ ಪಾತ್ರೆಗೆ ತಮ್ಮ ದಪ್ಪ ಕೋಟನ್ನೇ ತೊಡಿಸಿ, ಮೇಲೆ ಟೋಪಿಯನ್ನೂ ಇಟ್ಟು, ಜನರೇಟರ್ ಕೋಣೆಯಲ್ಲಿ ಕೂರಿಸಿದರು. ಬೆಳಿಗ್ಗೆ ಬಂದ ಎಂಜಿನಿಯರೊಬ್ಬ ಯಾರೋ ಕುಸಿದು ಕೂತಿದ್ದಾರೆಂದು ಹೆದರಿ ಡಾಕ್ಟರನ್ನು ಎಳೆದುಕೊಂಡು ಬಂದ. ಡಾಕ್ಟರು ಕೋಟು ಬಿಚ್ಚಿ ನೋಡಿ, ರೋಗಿ ಚೆನ್ನಾಗಿ ಹುಳಿ ಬಂದಿದ್ದಾನೆ ಎಂದರು. ಯುಗಾದಿಯ ದಿನ ಇಪ್ಪತ್ತೈದು ಜನ ಬಿಸಿ ಇಡ್ಲಿ ತಿಂದರು. ಹೊರಗೆ ಮೈನಸ್ ಹದಿನೆಂಟು ಡಿಗ್ರಿ.

ಊರಿಗೆ ಬಂದ ಹೊಸತರಲ್ಲಿ ಅವರು ಮೈನಸ್ ಹದಿನೆಂಟೆಂದೇ ಹೇಳುತ್ತಿದ್ದರು. ಐದು ವರ್ಷದಲ್ಲಿ ಅದು ಇಪ್ಪತ್ತೈದಾಯಿತು, ಹತ್ತು ವರ್ಷಕ್ಕೆ ಮೂವತ್ತು. ಈಗ ನಲವತ್ತು ದಾಟಿದೆ. ಭೂಮಿಯೆಲ್ಲ ಬಿಸಿಯಾಗುತ್ತಿದ್ದರೂ ದೊರೆಸ್ವಾಮಿಯವರ ಕಥೆಯೊಳಗಿನ ಅಂಟಾರ್ಕ್ಟಿಕಾ ಮಾತ್ರ ವರ್ಷದಿಂದ ವರ್ಷಕ್ಕೆ ತಣ್ಣಗಾಗುತ್ತಲೇ ಇತ್ತು. ಡಿಸೆಂಬರಿನಲ್ಲಿ ಸ್ವೆಟರ್ ಹಾಕಿಕೊಂಡು ಕಾಫಿಗೆ ಬಂದವರನ್ನು ಅವರು ಅಡುಗೆಮನೆಯ ಕಿಟಕಿಯಿಂದಲೇ ಕನಿಕರದಿಂದ ನೋಡುತ್ತಿದ್ದರು. "ಇದನ್ನ ಚಳಿ ಅಂತೀರಾ ಸ್ವಾಮಿ? ನಾನು ಅಲ್ಲಿದ್ದಾಗ..." ಎಂದು ಶುರುವಾದರೆ, ಗಿರಾಕಿ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸುತ್ತಿದ್ದ.

ಗಿರಾಕಿಗಳಿಗೆ ಹೇಳದ ಅಂಟಾರ್ಕ್ಟಿಕಾವೂ ಒಂದಿತ್ತು. ಮೊದಲು ತಲುಪಿದಾಗ ಹಡಗು ಸಮುದ್ರದ ಮೇಲೆ ಹೆಪ್ಪುಗಟ್ಟಿದ ಹಿಮದ ಹಾಸಿಗೆಗೆ ಒರಗಿಕೊಂಡು ನಾಲ್ಕು ದಿನ ನಿಂತಿತ್ತು. ಇಳಿದು ಸ್ವಲ್ಪ ದೂರ ನಡೆದರೆ ಎಂಪರರ್ ಪೆಂಗ್ವಿನ್‌ಗಳ ಹಿಂಡು. ಎದೆಯೆತ್ತರದ ದೊಡ್ಡ ಹಕ್ಕಿಗಳು, ನಡುವೆ ಬೂದು ತುಪ್ಪಳದ ಮರಿಗಳು. ಅವು ದೊರೆಸ್ವಾಮಿಯವರನ್ನು ನೋಡಿ ಹೆದರಲಿಲ್ಲ, ಹಾಗೆಂದು ಗೌರವವನ್ನೂ ಕೊಡಲಿಲ್ಲ. ಸುಮ್ಮನೆ ಒಮ್ಮೆ ನೋಡಿ ಮುಖ ತಿರುಗಿಸಿಕೊಂಡವು. ತಾನು ಯಾರೂ ಅಲ್ಲ ಎಂದು ದೊರೆಸ್ವಾಮಿಯವರಿಗೆ ಬದುಕಿನಲ್ಲಿ ಮೊದಲ ಸಲ ಅನ್ನಿಸಿತು. ವಿಚಿತ್ರವೆಂದರೆ, ಅದು ಬಹಳ ಹಿತವಾಗಿತ್ತು. ಆ ಹಿತ ಮತ್ತೆಲ್ಲೂ ಸಿಕ್ಕಿರಲಿಲ್ಲ, ಲಾಲ್‌ಬಾಗಿನಲ್ಲೂ ಇಲ್ಲ, ತಿರುಪತಿಯಲ್ಲೂ ಇಲ್ಲ.

ಅಡುಗೆಗೆಂದು ಅಲ್ಲಿಯ ಹಿಮಗಡ್ಡೆಯನ್ನು ಕರಗಿಸುವಾಗ ಅದು ಪಾತ್ರೆಯಲ್ಲಿ ಚಿಟಿಚಿಟಿ ಎನ್ನುತ್ತಿತ್ತು. ಸಾವಿರಾರು ವರ್ಷದ ಹಿಂದೆ ಹಿಮದೊಳಗೆ ಸಿಕ್ಕಿಕೊಂಡ ಗಾಳಿ ಈಗ ಬಿಡುಗಡೆಯಾಗುತ್ತಿದೆ ಎಂದು ವಿಜ್ಞಾನಿಗಳು ಹೇಳಿದ್ದರು. ಇವತ್ತಿಗೂ ಜ್ಯೂಸ್ ಅಂಗಡಿಯ ಮುಂದೆ ನಿಂತರೆ ಅವರ ಲೋಟ ಬಾಯಿಗಿಂತ ಮೊದಲು ಕಿವಿಯ ಹತ್ತಿರ ಹೋಗುತ್ತದೆ. ಕಾರ್ಖಾನೆಯ ಐಸು, ಅದಕ್ಕೆ ಹೇಳಿಕೊಳ್ಳಲು ಏನೂ ಇರುವುದಿಲ್ಲ.

ಬೆಂಗಳೂರು ಬಿಸಿಯಾಗುತ್ತಿರುವುದು ಅವರಿಗೆ ಪೇಪರಿನಿಂದ ಗೊತ್ತಾದದ್ದಲ್ಲ, ಹಿಟ್ಟಿನಿಂದ. ಮೊದಲೆಲ್ಲ ದೀಪಾವಳಿ ಕಳೆದರೆ ಹೊಟೇಲಿನ ಅಟ್ಟದಿಂದ ಒಂದು ಕರಿಕಂಬಳಿ ಇಳಿಯುತ್ತಿತ್ತು. ಶಿವರಾತ್ರಿಯವರೆಗೆ ಅದನ್ನು ಹಿಟ್ಟಿನ ಹಂಡೆಗೆ ಹೊದಿಸದಿದ್ದರೆ ಇಡ್ಲಿ ಕಲ್ಲು. ಕಂಬಳಿ ಇಳಿದು ಏಳು ವರ್ಷವಾಯಿತು. ಈಗ ರುಬ್ಬುವಾಗಲೇ ಕಲ್ಲಿಗೆ ಐಸು ಹಾಕುತ್ತಾರೆ, ಇಲ್ಲವಾದರೆ ಬೆಳಗಾಗುವಷ್ಟರಲ್ಲಿ ಹಿಟ್ಟು ಹುಳಿ ಹೆಚ್ಚಾಗಿ ಉಕ್ಕಿರುತ್ತದೆ.

ಹೀಗಿರುವಾಗ ಅವರ ಕಥೆಯನ್ನು ಪೂರ್ತಿ ಕೇಳುವ ಒಬ್ಬ ಗಿರಾಕಿ ಸಿಕ್ಕಳು. ಧೃತಿ, ಮೂವತ್ತನಾಲ್ಕು ವರ್ಷ, ಸಮುದ್ರಜೀವಿಗಳ ಸಂಶೋಧಕಿ. ಭಾನುವಾರ ಮಲ್ಲೇಶ್ವರದಿಂದ ಮೆಟ್ರೋ ಹತ್ತಿ ಇಡ್ಲಿಗೆಂದೇ ಬರುತ್ತಿದ್ದಳು. ಅವಳು ಕಥೆ ಕೇಳುವುದಷ್ಟೇ ಅಲ್ಲ, ತಿರುಗಿ ಹೇಳುತ್ತಲೂ ಇದ್ದಳು.

"ಅಂಕಲ್, ಕ್ರಿಲ್ ಅಂತ ಒಂದು ಜೀವಿ. ಕಿರುಬೆರಳಷ್ಟು ಉದ್ದ, ಸಿಗಡಿ ಥರ."

"ಸಿಗಡಿ ವಿಷ್ಯ ನನ್ನ ಅಡುಗೆಮನೆ ಬಾಗ್ಲಲ್ಲಿ ಬೇಡಮ್ಮ."

"ತಿನ್ನೋಕಲ್ಲ, ಕೇಳಿ. ಸಮುದ್ರದ ಮೇಲಿನ ಹಿಮ ಇದ್ಯಲ್ಲ, ಅದರ ತಳದಲ್ಲಿ ಪಾಚಿ ಕಟ್ಟುತ್ತೆ. ಚಳಿಗಾಲದಲ್ಲಿ ಕ್ರಿಲ್ ಮರಿಗಳಿಗೆ ಅದೇ ಊಟ. ಕ್ರಿಲ್ ತಿಂದು ಪೆಂಗ್ವಿನ್ನು, ಸೀಲು, ತಿಮಿಂಗಿಲ ಎಲ್ಲಾ ಬದುಕೋದು. ಸಮುದ್ರ ಬೆಚ್ಚಗಾಗಿ ಹಿಮ ಕಮ್ಮಿ ಆದ್ರೆ..."

"ಮೆಸ್ಸಿಗೇ ಬೀಗ ಬಿದ್ದಂಗೆ."

"ಕರೆಕ್ಟ್."

ಇನ್ನೊಂದು ಭಾನುವಾರ ಅವಳು ಎಂಪರರ್ ಮರಿಗಳ ಸುದ್ದಿ ತಂದಳು. ನೀರಿಳಿಯದ ಗರಿ ಬಲಿಯುವ ಮೊದಲೇ ಕಾಲ ಕೆಳಗಿನ ಹಿಮ ಒಡೆದು, ಒಂದು ಕಡೆ ಸಾವಿರಾರು ಮರಿಗಳು ಸಮುದ್ರದ ಪಾಲಾಗಿದ್ದವು. ಬೂದು ತುಪ್ಪಳ ನೀರು ಕುಡಿದರೆ ತೇಲುವುದಿಲ್ಲ. ಆ ದಿನ ದೊರೆಸ್ವಾಮಿಯವರು ಚಟ್ನಿಗೆ ಎರಡು ಸಲ ಉಪ್ಪು ಹಾಕಿದರು.

ಹೋದ ತಿಂಗಳು ಅವಳು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿದಳು. "ಅಂಕಲ್, ಈ ಸಲದ ತಂಡದಲ್ಲಿ ನಾನೂ ಹೋಗ್ತಿದೀನಿ. ಹಡಗಲ್ಲೇ. ಅಡುಗೆಯವರು ಒಬ್ರು ಕಮ್ಮಿ ಬಿದ್ದಿದಾರೆ. ನೀವು ಬರ್ತೀರಾ? ಅಲ್ಲಿಯ ಬೇಸಿಗೆ ಮೂರು ತಿಂಗಳಷ್ಟೇ ಇರೋದು. ವಯಸ್ಸಿನ ಬಗ್ಗೆ ಕೇಳ್ದೆ, ಮೆಡಿಕಲ್ ಪಾಸಾದ್ರೆ ಸಾಕಂತೆ. ಮುಂದಿನ ಭಾನುವಾರದೊಳಗೆ ಹೆಸರು ಕೊಡ್ಬೇಕು."

ದೊರೆಸ್ವಾಮಿಯವರು ಮಂತ್ರಿಗಳ ಹಾಗೆ ಗಲ್ಲ ಸವರಿಕೊಂಡು, "ಯೋಚನೆ ಮಾಡಿ ಹೇಳ್ತೀನಮ್ಮ" ಎಂದರು. ಒಳಗೆ ಹೋಗಿ ಬಾಗಿಲ ಹಿಂದೆ ನಿಂತು, ಮುಂದಿನ ಭಾನುವಾರಕ್ಕೆ ಎಷ್ಟು ದಿನವೆಂದು ಬೆರಳು ಮಡಚಿ ಎಣಿಸಿದರು.

ಚಾಮರಾಜಪೇಟೆಯ ಮನೆಯಲ್ಲಿ ಹೆಂಡತಿ ಚೂಡಾಮಣಿ ಹುರುಳಿಕಾಯಿ ಬಿಡಿಸುತ್ತ ವಿಷಯ ಕೇಳಿದರು.

"ರೀ, ಹಾಲು ತನ್ನಿ ಅಂದ್ರೆ ನಿಮಗೆ ಮಂಡಿನೋವು. ಈಗ ಭೂಮಿ ತಳಕ್ಕೆ ಹೋಗ್ತೀರಾ?"

"ನನ್ನ ಮೈ ಮಾಡಿರೋದೇ ಚಳಿಗೆ ಕಣೇ."

"ನಾನೇನು ಬೇಡ ಅನ್ನಲ್ಲ. ಇಪ್ಪತ್ತೆಂಟು ವರ್ಷದಿಂದ ನೀವು ಇಲ್ಲಿದ್ರೂ ಅಲ್ಲೇ ಇದೀರ. ಹೋಗಿ ಬಂದ್ಬಿಡಿ. ಈ ಸಲನಾದ್ರೂ ಪೂರ್ತಿ ವಾಪಸ್ ಬನ್ನಿ."

ಒಪ್ಪಿಗೆ ಇಷ್ಟು ಸುಲಭವಾಗಿ ಸಿಕ್ಕಿದ್ದು ದೊರೆಸ್ವಾಮಿಯವರಿಗೆ ಸ್ವಲ್ಪ ಅವಮಾನವೇ ಆಯಿತು.

ಮೈಯನ್ನು ಮತ್ತೆ ಚಳಿಗೆ ಪಳಗಿಸಬೇಕಿತ್ತು. ಕಲಾಸಿಪಾಳ್ಯದಲ್ಲಿ ಹಣ್ಣಿನ ಸಗಟು ವ್ಯಾಪಾರ ಮಾಡುವ ಸಿದ್ದಬಸಪ್ಪ ಅವರ ಸ್ಕೂಲಿನ ಗೆಳೆಯ. ಅವರ ಮಳಿಗೆಯ ಹಿಂದೆ ಸೇಬು ಇಡುವ ಕೋಲ್ಡ್ ಸ್ಟೋರೇಜು. ಬುಧವಾರ ಮಧ್ಯಾಹ್ನ ದೊರೆಸ್ವಾಮಿಯವರು ಪಂಚೆ, ಅರ್ಧ ತೋಳಿನ ಅಂಗಿಯಲ್ಲಿ ಅಲ್ಲಿಗೆ ಹೋದರು.

"ಒಂದ್ ಗಂಟೆ ಕೂತಿರ್ತೀನಿ ಬಸಪ್ಪ. ಬಾಗ್ಲು ಹಾಕ್ಕೋ."

"ಜರ್ಕಿನ್ ಇದೆ ಗುರು, ನಮ್ಮ ಹುಡುಗ್ರು ಹಾಕ್ಕೊಳೋದು. ಕೊಡ್ಲಾ?"

"ಜರ್ಕಿನ್ನಾ? ನನಗಾ?"

ಬಾಗಿಲು ಮುಚ್ಚಿತು. ಗೋಡೆಯ ಮೇಲೆ ಎರಡು ಡಿಗ್ರಿ ಎಂದು ಕೆಂಪಕ್ಷರ ಉರಿಯುತ್ತಿತ್ತು. ಮೈನಸ್ ಅಲ್ಲ, ಬರೀ ಎರಡು. ಸೇಬಿನ ಪೆಟ್ಟಿಗೆಯ ಮೇಲೆ ಕೂತು ಕಣ್ಣು ಮುಚ್ಚಿ, ಹಡಗು, ಹಕ್ಕಿ, ಬಿಳುಪು ಎಲ್ಲವನ್ನೂ ನೆನೆಸಿಕೊಳ್ಳಲು ನೋಡಿದರು. ಐದು ನಿಮಿಷ ನೆನಪು ಬಂತು. ಹತ್ತನೆಯ ನಿಮಿಷಕ್ಕೆ ನೆನಪಿನ ಬದಲು ನಡುಕ ಬಂತು. ಆಮೇಲೆ ಬೆರಳು ಬೆಳ್ಳಗಾಗಿ ತಮ್ಮದಲ್ಲ ಅನ್ನಿಸತೊಡಗಿತು. ಹಲ್ಲು ಕಟಕಟ ಎನ್ನುವುದು ಹೊರಗೆ ಕೇಳಬಾರದೆಂದು ಅಂಗವಸ್ತ್ರ ಕಚ್ಚಿಕೊಂಡರು. ಕೂಗಿ ಕರೆದರೆ ಇಪ್ಪತ್ತೆಂಟು ವರ್ಷದ ಮರ್ಯಾದೆ ಹೋಗುತ್ತದೆ. ಕರೆಯದಿದ್ದರೆ ಪ್ರಾಣವೇ ಹೋಗಬಹುದು. ಯಾವುದನ್ನು ಉಳಿಸಿಕೊಳ್ಳುವುದೆಂದು ಅವರು ನಿಜವಾಗಿಯೂ ಯೋಚಿಸುತ್ತಿದ್ದರು.

ಇಪ್ಪತ್ತನೆಯ ನಿಮಿಷಕ್ಕೆ ಬಾಗಿಲು ತೆರೆಯಿತು. "ಬಾರೋ ದೊರೆ, ನಿಂಗೊಂದು ಫೋನ್ ಬಂದಿದೆ" ಎಂದರು ಸಿದ್ದಬಸಪ್ಪ.

ಫೋನೂ ಇರಲಿಲ್ಲ, ಏನೂ ಇರಲಿಲ್ಲ. ಬಿಸಿಲಲ್ಲಿ ಸ್ಟೂಲು ಹಾಕಿ ಕೂರಿಸಿ ಟೀ ಕೊಟ್ಟರು. ಕೈಯಲ್ಲಿ ಲೋಟ ನಿಲ್ಲದ್ದನ್ನು ನೋಡಿ ತಾವೇ ಹಿಡಿದುಕೊಂಡರು.

"ಒಳಗೆ ಸೇಬಿನ ವಾಸನೆ ಸ್ವಲ್ಪ ಜಾಸ್ತಿ," ಎಂದರು ದೊರೆಸ್ವಾಮಿ.

"ಹೌದೌದು," ಎಂದರು ಗೆಳೆಯ. "ಈ ಸಲದ ಮಾಲು ವಿಪರೀತ ವಾಸನೆ."

ಗುರುವಾರ ಮತ್ತೆ ಹೋದರು, ಹದಿನೆಂಟು ನಿಮಿಷ. ಶುಕ್ರವಾರ ಹದಿನೈದು. ಮೈ ಪಳಗುವ ಬದಲು ಹಿಂದಕ್ಕೆ ಹೋಗುತ್ತಿತ್ತು. ಮೂರು ದಿನವೂ ಫೋನ್ ಬಂತು.

ಭಾನುವಾರ ಧೃತಿ ಫಾರಂ ಹಿಡಿದುಕೊಂಡು ಬಂದಳು. ದೊರೆಸ್ವಾಮಿಯವರು ಕಾರಣವನ್ನು ತಯಾರು ಮಾಡಿಟ್ಟುಕೊಂಡಿದ್ದರು. ನಾನಿಲ್ಲದಿದ್ದರೆ ಹೊಟೇಲು ಮುಳುಗುತ್ತದೆ, ಮಾಲೀಕರು ಕಾಲು ಹಿಡಿದುಕೊಂಡಿದ್ದಾರೆ. "ಏನಾಯ್ತಂದ್ರೆ, ನಮ್ಮ ಓನರ್ರು..." ಎಂದು ಶುರು ಮಾಡಿದರು. ಅದನ್ನು ಅಲ್ಲಿಗೇ ಬಿಟ್ಟರು. ಎದುರಿನ ಕುರ್ಚಿ ಎಳೆದು ಕೂತರು.

"ಧೃತಿ, ನಂಗೆ ಚಳಿ ಆಗುತ್ತಮ್ಮ."

ಅವಳು ನಕ್ಕುಬಿಟ್ಟಳು. "ಅಷ್ಟೇನಾ? ಅಲ್ಲೂ ಈಗ ನಿಮ್ಮ ಕಾಲದ ಚಳಿ ಇಲ್ಲ, ಬನ್ನಿ. ಹೋದ ಬೇಸಿಗೇಲಿ ಕೆಲವು ದಿನ ಬರೀ ಶರ್ಟಲ್ಲಿ ಓಡಾಡ್ತಿದ್ರಂತೆ. ನಮ್ಮ ರಿಸರ್ಚ್ ಸ್ಟೇಷನ್ ಮುಂದೆ ಹಿಮ ಕರಗಿ ಕಾಲುವೆ ಥರ ನೀರು ಹರೀತಿತ್ತಂತೆ."

ದೊರೆಸ್ವಾಮಿಯವರು ನಗಲಿಲ್ಲ. "ಹಡಗು ನಿಲ್ತಿದ್ದ ಜಾಗ?"

"ಅಲ್ಲಿಯ ಹಿಮಾನ ಈಗ ನಂಬೋಕಾಗಲ್ಲ ಅಂಕಲ್. ಒಂದು ವರ್ಷ ಗಟ್ಟಿಯಾಗಿರುತ್ತೆ, ಇನ್ನೊಂದು ವರ್ಷ ಬೇಗ ಒಡೆದು ಹೋಗುತ್ತೆ."

"ಹಕ್ಕಿಗಳು?"

"ಜಾಗ ಹುಡುಕ್ಕೊಂಡು ಹೋಗ್ತವೆ. ಸಿಗೋಷ್ಟು ದಿನ."

"ಅಂದ್ರೆ, ಈ ಅರವತ್ತೊಂದನೇ ವಯಸ್ಸಲ್ಲಿ ನಾನೂ ತಡೆಯೋಷ್ಟು ಬೆಚ್ಚಗಾಗಿದೆ ಅಂತೀಯ."

"ತಮಾಷೆಗೆ ಹೇಳ್ದೆ ಅಂಕಲ್. ಎಲ್ಲಾ ಕಡೆ ಒಂದೇ ಥರ ಇಲ್ಲ."

"ಬೇಡಮ್ಮ," ಎಂದರು ದೊರೆಸ್ವಾಮಿ. ದನಿ ಅಡುಗೆಮನೆಯವರೆಗೂ ಹೋಗುವಂಥದ್ದಲ್ಲ, ಮೇಜು ದಾಟಿದರೆ ಹೆಚ್ಚು. "ನಂಗೋಸ್ಕರ ಅದು ಬೆಚ್ಚಗಾಗೋದು ಬೇಡ. ನನ್ನಂಥೋನು ಕಾಲಿಡಕ್ಕಾಗದಂಗೇ ಇರ್ಲಿ. ನಾನು ಇಲ್ಲೇ ಇರ್ತೀನಿ."

ಧೃತಿ ಫಾರಂ ಮಡಚತೊಡಗಿದಳು. ಅವರು ಅವಳ ಕೈ ತಡೆದು, ಒಳಗಿನಿಂದ ವಸಂತನನ್ನು ಕರೆದರು. ನಲವತ್ತು ವರ್ಷದ, ಶ್ರೀರಾಂಪುರದ ವಸಂತ್ ಹನ್ನೆರಡು ವರ್ಷದಿಂದ ಅವರ ಕೈಕೆಳಗಿನ ಅಡುಗೆಯವನು. ಆ ಹನ್ನೆರಡು ವರ್ಷದಲ್ಲಿ ಅವನ ಇಡ್ಲಿಯನ್ನು ಅವರು ಒಮ್ಮೆಯೂ ಹೊಗಳಿರಲಿಲ್ಲ.

"ಇವನ್ನ ಕರ್ಕೊಂಡು ಹೋಗು."

"ಚಳಿ ತಡೀತಾರಾ?"

"ತಡೀತಾನೆ. ಸ್ವೆಟರ್ ಹಾಕ್ಕೊಳೋಕೆ ಇವನಿಗೆ ನಾಚಿಕೆ ಇಲ್ಲ."

ಏನು, ಎಲ್ಲಿ ಎಂದು ವಸಂತನಿಗೆ ತಿಳಿಯುವುದಕ್ಕೆ ಹತ್ತು ನಿಮಿಷ ಹಿಡಿಯಿತು. ನಂಬುವುದಕ್ಕೆ ಇನ್ನೂ ಹತ್ತು. ಹೆಂಡತಿಯನ್ನು ಕೇಳಿ ಹೇಳುತ್ತೇನೆ ಎಂದನಾದರೂ ಮುಖ ಆಗಲೇ ಹೊರಟಾಗಿತ್ತು. ಧೃತಿ ಹೋದ ಮೇಲೆ ದೊರೆಸ್ವಾಮಿಯವರು ಅವನನ್ನು ಪಕ್ಕಕ್ಕೆ ಕರೆದರು.

"ಹಡಗು ನಿಂತಾಗ ಇಳಿದು ನೋಡು. ಫೋಟೋ ತೆಗೀತಾ ನಿಂತ್ಕೋಬೇಡ. ಹಕ್ಕಿಗಳಿದ್ರೆ ದೂರದಲ್ಲಿ ಸುಮ್ನೆ ನಿಂತ್ಕೋ. ಅವು ನಿನ್ನ ಲೆಕ್ಕಕ್ಕೇ ಇಟ್ಕೊಳಲ್ಲ. ಬೇಜಾರು ಮಾಡ್ಕೋಬೇಡ, ಚೆನ್ನಾಗಿರುತ್ತೆ."

"ಆಯ್ತು ಸಾರ್. ಅಕಸ್ಮಾತ್ ಇಲ್ದೇ ಇದ್ರೆ? ನಿಮ್ಗೆ ಏನಂತ ಹೇಳ್ಲಿ?"

ದೊರೆಸ್ವಾಮಿಯವರು ರಸ್ತೆಯ ಕಡೆ ನೋಡಿದರು. ಮಾರ್ಚಿ ತಿಂಗಳೂ ಹೆದರುವಂಥ ಬಿಸಿಲು ಅಕ್ಟೋಬರಿನಲ್ಲೇ ಬಿದ್ದಿತ್ತು.

"ಇಲ್ಲ ಅಂತ್ಲೇ ಹೇಳು," ಎಂದರು. "ಈ ಹೊಟೇಲಿಗೆ ಸುಳ್ಳು ಹೇಳೋನು ಒಬ್ಬ ಸಾಕು."