ಸತ್ತ ಮನೆಗಳ ಚಿತ್ರಗಾರ

ರಾನ್ ದೆಹೌ ಹೋದ ವಾರ ತೀರಿಕೊಂಡ. ಅವನ ಹೆಣದ ಮುಂದೆ ನಿಂತು, ಒಳ್ಳೆಯ ಕೈ, ಆದರೆ ಸಿಟ್ಟು ಜಾಸ್ತಿ, ಅದೇ ಅವನನ್ನು ತಿಂದುಹಾಕಿತು ಎಂದವರಿದ್ದರು. ಅವನನ್ನು ತಿಂದದ್ದು ಜೀವಮಾನವಿಡೀ ಎದೆಗೂಡು ಸೇರಿದ ಮಸಿಪುಡಿ. ಅಷ್ಟು ದಿನವಾದರೂ ಅವನನ್ನು ಉಳಿಸಿದ್ದು ಸಿಟ್ಟು.

ಹಳೆಯ ಊರಿನಲ್ಲಿ, ದೋಣಿಕಟ್ಟೆಗೆ ಇಳಿಯುವ ಮೆಟ್ಟಿಲುಗಳ ಪಕ್ಕ ಅವನ ಅಂಗಡಿಯಿತ್ತು. ಸಾವಾದ ಮನೆಯವರು ಗುರುತಿನ ಚೀಟಿಯ ಚಿಕ್ಕ ಫೋಟೊ ಹಿಡಿದು ಬರುತ್ತಿದ್ದರು. ರಾನ್ ಮಸಿಪುಡಿಯಲ್ಲಿ ಕುಂಚ ಅದ್ದಿ ಆ ಮುಖವನ್ನು ದೊಡ್ಡದಾಗಿ ಬರೆದು ಕಪ್ಪು ಚೌಕಟ್ಟು ಹಾಕಿಕೊಡುತ್ತಿದ್ದ. ಶವದ ಮೆರವಣಿಗೆಯಲ್ಲಿ ಹಿರಿಮಗ ಅದನ್ನು ಎದೆಗೊತ್ತಿಕೊಂಡು ಮುಂದೆ ನಡೆಯುತ್ತಾನೆ. ಆಮೇಲೆ ಅದು ಆ ಮನೆಯ ಗೋಡೆಗೆ ಸೇರಿದ್ದು, ಬೇರೆ ಯಾರದ್ದೂ ಅಲ್ಲ. ಸತ್ತವರ ಮಚ್ಚೆಯನ್ನು ರಾನ್ ಎಂದೂ ಬಿಡುತ್ತಿರಲಿಲ್ಲ. ಗಾಯವನ್ನು ಎಂದೂ ಬರೆಯುತ್ತಿರಲಿಲ್ಲ.

ಯಾಂಗ್ತ್ಸೆ ನದಿಗೆ ಅಡ್ಡಲಾಗಿ ಅಣೆಕಟ್ಟು ಎದ್ದಿತು. ನೀರು ಏರುವ ಮುಂಚೆ ಊರನ್ನು ಊರಿನವರ ಕೈಯಲ್ಲೇ ಕೆಡವಿಸುವುದೆಂದು ತೀರ್ಮಾನವಾಯಿತು. ಗೋಡೆಗೋಡೆಯ ಮೇಲೂ ಕೆಂಪು ವೃತ್ತ, ಅದರೊಳಗೆ ‘ಕೆಡವು’ ಎಂಬರ್ಥದ ಒಂದು ಚೀನೀ ಅಕ್ಷರ. ಆ ಬೇಸಿಗೆಯಲ್ಲಿ ಪಕ್ಕದ ಓಣಿಯ ಶಿಯಾಂಗ್ ಅಜ್ಜಿ ಅಂಗಡಿಗೆ ಬಂದಳು. ತೋಫು ಮಾಡಿ ಮಾರುತ್ತಿದ್ದವಳು, ಒಂಟಿ ಹೆಂಗಸು.

"ಮೇಸ್ತ್ರಿ, ಒಂದು ಚಿತ್ರ ಬರಿಬೇಕು."

"ನಿಮ್ದಾ ಅಜ್ಜಿ? ಇನ್ನೂ ಗಟ್ಟಿಮುಟ್ಟಾಗಿದ್ದೀರಲ್ಲ."

"ನಂದ್ಯಾಕೋ? ಸಾಯ್ತಿರೋದು ನಾನಲ್ಲ, ನನ್ನ ಮನೆ. ಅದರದ್ದು ಬರಿ. ನಂಗೆ ಹಿರಿಮಗ ಇಲ್ಲ, ನಾನೇ ಹಿಡ್ಕೊಂಡು ದೋಣಿ ಹತ್ತೀನಿ."

ರಾನ್ ನಗಲಿಲ್ಲ. ಮರುದಿನವೇ ಅಜ್ಜಿಯ ಮನೆ ಎದುರು ಸ್ಟೂಲು ಹಾಕಿಕೊಂಡು ಕೂತ. ಸೊಟ್ಟ ಬಾಗಿಲು, ಹೊಗೆ ಹಿಡಿದ ಸೂರು, ಕಿಟಕಿಯಡಿ ಸೋಯಾ ನೆನೆಹಾಕುವ ಹಂಡೆ, ಎಲ್ಲ ಬಂತು. ಕೆಂಪು ಅಕ್ಷರ ಮಾತ್ರ ಬರಲಿಲ್ಲ. ಚಿತ್ರ ನೋಡಿದ ಊರು ಅಂಗಡಿಯ ಮುಂದೆ ಸಾಲುಗಟ್ಟಿತು. ಕ್ಷೌರದಂಗಡಿ, ಶಾಲೆ, ಹೆಂಚಿನ ಗೂಡು, ಎಲ್ಲವೂ ಕಪ್ಪು ಚೌಕಟ್ಟು ಕೇಳಿದವು. ಕೊನೆಗೆ ರಾನ್ ತನ್ನ ಅಂಗಡಿಯನ್ನೂ ಬರೆದ. ಅಪಶಕುನದ ಕೆಲಸ ಎಂದು ಸ್ಥಳಾಂತರ ಕಚೇರಿಯವರು ಬಂದು ಬೈದುಹೋದರು. ಊರನ್ನು ಕೆಡವುವುದು ಶುಭಕಾರ್ಯವಾ ಎಂದು ರಾನ್ ಅವರನ್ನು ಕೇಳಿದ.

ಆಗ ಬಂದವನು ಫಾಂಗ್. ಬೀಜಿಂಗಿನವನು, ಚಿತ್ರ ಪ್ರದರ್ಶನಗಳನ್ನು ಏರ್ಪಡಿಸುವವನು. ಆ ವರ್ಷ ಅವಶೇಷಗಳ ನಡುವೆ ಕಲಾವಿದರಿಗೇನೂ ಕೊರತೆಯಿರಲಿಲ್ಲ. ಒಬ್ಬ ಬಾಗಿಲುಗಳನ್ನು ಕಿತ್ತು ಲಾರಿಗೆ ಹೇರುತ್ತಿದ್ದ, ಇನ್ನೊಬ್ಬ ಬರಿಮೈಯಲ್ಲಿ ಇಟ್ಟಿಗೆ ರಾಶಿಯ ಮೇಲೆ ಮಲಗಿ ಫೋಟೊ ತೆಗೆಸಿಕೊಳ್ಳುತ್ತಿದ್ದ. ಫಾಂಗ್ ಮಾತ್ರ ಕುರ್ಚಿ ಎಳೆದುಕೊಂಡು ಕೂತು ಚಹಾ ಕುಡಿದ.

"ರಾನ್ ಗುರುಗಳೇ, ಇವನ್ನ ಚೊಂಗ್‌ಚಿಂಗ್ ನಗರದಲ್ಲಿ ಒಂದು ತಿಂಗಳು ತೋರಿಸೋಣ. ಇಲ್ಲಿ ಏನಾಗ್ತಿದೆ ಅಂತ ಜನಕ್ಕೆ ಗೊತ್ತಾಗ್ಲಿ."

"ನಾನು ಯಾರಿಗೂ ಪಾಠ ಹೇಳಿದವನಲ್ಲ, ಗುರು ಅನ್ಬೇಡ. ಚಿತ್ರ ವಾಪಸ್ ಬರುತ್ತಾ?"

"ಖಂಡಿತ. ಒಂದೇ ಒಂದು ಮಾತು. ಆ ಕೆಂಪು ಅಕ್ಷರ ಯಾಕೆ ಬಿಟ್ರಿ? ಅದೇ ಇಲ್ಲಿನ ಜೀವಾಳ."

"ನೇಣು ಹಾಕ್ಕೊಂಡವನ ಚಿತ್ರದಲ್ಲಿ ಕುತ್ತಿಗೆ ಮೇಲಿನ ಹಗ್ಗದ ಗುರುತು ಬರೀತಾರೇನಯ್ಯ? ಅವನ ಹೆಂಡ್ತಿ ಅದನ್ನ ಗೋಡೆಗೆ ಹಾಕ್ಕೋಬೇಕು."

ಫಾಂಗ್ ತಲೆಯಾಡಿಸಿದ. ತಲೆಯಾಡಿಸಿದ್ದನ್ನು ಒಪ್ಪಿಗೆ ಎಂದುಕೊಂಡದ್ದು ರಾನ್‌ನ ತಪ್ಪು. ಜನಕ್ಕೆ ಗೊತ್ತಾಗಲಿ ಎಂಬ ಮಾತು ಅವನೊಳಗೂ ನಾಟಿತ್ತು. ರಾನ್ ಅಜ್ಜಿಯ ಚಿತ್ರವನ್ನೂ ಅವಳಿಂದ ಕೇಳಿ ಪಡೆದ. ಮುಗಿದ ತಕ್ಷಣ ತಾನೇ ತಂದುಕೊಡುವುದಾಗಿ ಮಾತು ಕೊಟ್ಟ. ಹೀಗಾಗಿ ಕಚೇರಿಯವರು ಹೊಸ ಮನೆ ಗೊತ್ತುಮಾಡಿದ್ದ ದೂರದ ಶಾನ್‌ಡಾಂಗ್‌ಗೆ ಹೊರಟ ದಿನ ಅಜ್ಜಿ ಬರಿಗೈಯಲ್ಲಿ ದೋಣಿ ಹತ್ತಿದಳು. "ಮರೀಬೇಡ" ಎಂದಷ್ಟೇ ಹೇಳಿದಳು.

ಪ್ರದರ್ಶನದ ಮೊದಲ ದಿನ ರಾನ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದ. ಒಳಗೆ ಕಾಲಿಟ್ಟವನು ಅಲ್ಲೇ ನಿಂತುಬಿಟ್ಟ. ಪ್ರತಿ ಮನೆಯ ಮೇಲೂ, ಅವನ ಮಸಿಯ ಮೇಲೆ, ದಪ್ಪ ಎಣ್ಣೆಬಣ್ಣದಲ್ಲಿ ಕೆಂಪು ವೃತ್ತ ಎಳೆದು ‘ಕೆಡವು’ ಎಂದು ಬರೆದಿತ್ತು. ಅಜ್ಜಿಯ ಬಾಗಿಲಿನ ಮೇಲಂತೂ ಬಣ್ಣ ಹಂಡೆಯವರೆಗೆ ಸುರಿದಿತ್ತು.

ಫಾಂಗ್ ಓಡಿಬಂದ. "ಗುರುಗಳೇ, ಬೇಜಾರ್ ಮಾಡ್ಕೋಬೇಡಿ. ಹೊರದೇಶದವರಿಗೆ ಅರ್ಥ ಆಗ್ಬೇಕಲ್ಲ."

"ಕಚೇರಿಯವನು ಗೋಡೆಗೆ ಬಳಿದ. ನೀನು ಗೋಡೆ ಹೋದ್ಮೇಲೆ ಹೆಣಕ್ಕೂ ಬಳಿದೆ. ಅವನಿಗೆ ಸಂಬಳವಾದ್ರೂ ಇತ್ತು, ನಿನಗೆ ಏನು ಬಂದಿತ್ತು?"

ರಾನ್ ಅಜ್ಜಿಯ ಮನೆಯನ್ನು ಗೋಡೆಯಿಂದ ಇಳಿಸಿ ಚೌಕಟ್ಟು ಬಿಚ್ಚಿದ. ಮಸಿಯನ್ನು ಅಳಿಸಲು ಅವನ ಕಸುಬಿನವರು ಬಳಸುವುದು ಹಬೆಯಲ್ಲಿ ಬೇಯಿಸಿದ ಬನ್ನಿನ ಮೆತ್ತನೆಯ ತಿರುಳು. ಅತಿಥಿಗಳ ತಟ್ಟೆಯಿಂದ ಅಂಥದೊಂದನ್ನು ಎತ್ತಿಕೊಂಡು ನೆಲದ ಮೇಲೆ ಕೂತು ಉಜ್ಜತೊಡಗಿದ. ಸೂರು ಹೋಯಿತು, ಕಿಟಕಿ ಹೋಯಿತು, ಹಂಡೆ ಹೋಯಿತು. ಎಣ್ಣೆಬಣ್ಣ ಅಳಿಯಲಿಲ್ಲ. ಕೊನೆಗೆ ಬೂದು ಹಿಡಿದ ಕಾಗದದ ಮೇಲೆ ಕೆಂಪು ಅಕ್ಷರವೊಂದೇ ಉಳಿಯಿತು.

"ತಗೋ. ಇದು ನಿಂದು" ಎಂದು ಫಾಂಗ್‌ನ ಕೈಗೆ ತುರುಕಿದ.

ಸುತ್ತ ನಿಂತವರು ಅದನ್ನೂ ಪ್ರದರ್ಶನದ ಭಾಗವೆಂದುಕೊಂಡರು, ಚಪ್ಪಾಳೆ ಬಿತ್ತು. ಅವನಿಗೆ ಕೊನೆಯವರೆಗೂ ಸಹಿಸಲಾಗದೇ ಹೋದದ್ದು ಆ ಚಪ್ಪಾಳೆ. ಫಾಂಗ್ ಆ ಕಾಗದವನ್ನೇ ಗಾಜಿನೊಳಗಿಟ್ಟು ಊರೂರು ತಿರುಗಿಸಿದ. ದೊಡ್ಡವರು ಅದರ ಮುಂದೆ ನಿಂತು ಮೌನ ತಾಳಿದರು, ಪತ್ರಿಕೆಗಳಲ್ಲಿ ಫೋಟೊ ಬಂತು. ಶಿಯಾಂಗ್ ಅಜ್ಜಿಯ ಹೆಸರು ಎಲ್ಲೂ ಇರಲಿಲ್ಲ.

ಉಳಿದ ಚಿತ್ರಗಳನ್ನು ಜಗಳವಾಡಿ ವಾಪಸು ತಂದು ರಾನ್ ರೈಲು ಹತ್ತಿದ. ಶಾನ್‌ಡಾಂಗ್‌ನ ಆ ಊರಿನಲ್ಲಿ ಗುಡ್ಡವೂ ಇಲ್ಲ, ನದಿಯೂ ಇಲ್ಲ. ಒಂದೇ ಅಳತೆಯ ಮನೆಗಳ ಸಾಲಿನ ಕೊನೆಯಲ್ಲಿ ಅಜ್ಜಿ ಕೂತಿದ್ದಳು. ಅವನ ಬರಿಗೈ ನೋಡಿದಳು, ಆಮೇಲೆ ಮುಖ. ರಾನ್ ನಡೆದದ್ದೆಲ್ಲ ಹೇಳಿದ. ಹೇಳುತ್ತ ಅವನ ದನಿ ಏರಿತು, ಫಾಂಗ್‌ನ ವಂಶವನ್ನೆಲ್ಲ ಜಾಲಾಡಿದ.

ಅಜ್ಜಿ ಪೂರ್ತಿ ಕೇಳಿಸಿಕೊಂಡಳು.

"ಅವರು ಒಂದ್ಸಲ ಕೆಡವಿದ್ರು. ನೀನು ಎರಡನೇ ಸಲ ಕೆಡವಿದೆ. ಸಿಟ್ಟು ಬಂದಿದ್ದು ನಿಂಗೆ, ಅಳಿಸಿದ್ದು ನನ್ನ ಮನೆ. ನಿನ್ನ ಅಂಗಡಿ ಚಿತ್ರ ಅಳಿಸಬೇಕಿತ್ತು."

ರಾನ್ ಹೆಗಲ ಚೀಲ ಕೆಳಗಿಟ್ಟು ಅವಳ ಮುಂದೆ ಕೂತ.

"ನನ್ನ ಹತ್ರ ಕೂಗಾಡಿದ್ರೆ ಏನು ಬಂತು? ನಂಗೇನು ನಿನಗಿಂತ ಸಿಟ್ಟು ಕಮ್ಮಿ ಅಂದ್ಕೊಂಡಿದ್ದೀಯಾ? ಕಾಗದ ತಂದಿದ್ದೀಯಾ?"

"ತಂದಿದ್ದೀನಿ. ಆದ್ರೆ ಅಜ್ಜಿ, ನೋಡಿ ಬರಿಯೋಕೆ ಮನೆ ಇಲ್ವಲ್ಲ."

"ನಾನಿದ್ದೀನಿ. ಬಾಗಿಲಿಂದ ಶುರು ಮಾಡು."

ಅಂಗಳದಲ್ಲೇ ಕಾಗದ ಹಾಸಿದ. ಮಸಿಯಲ್ಲಿ ಬಾಗಿಲು ಬರೆದ. ಅಜ್ಜಿ ಪಕ್ಕಕ್ಕೆ ಸರಿದು ಬಂದು, ಬಾಗಿಲು ಇಷ್ಟು ದೊಡ್ಡದಿರಲಿಲ್ಲ, ಅದೇನು ಕಚೇರಿಯಾ ಎಂದು ಗದರಿದಳು. ರಾನ್ ಅಳಿಸಿದ. ಮತ್ತೆ ಬರೆದ. ಅವಳು ಮತ್ತೆ ಗದರಿದಳು. ಕತ್ತಲಾಗುವವರೆಗೂ ಇಬ್ಬರೂ ಹಾಗೇ ಜಗಳವಾಡಿಕೊಂಡು ಕೂತಿದ್ದರು.