ಆಷಾಢದಲ್ಲಿ ಕಳೆದುಹೋದ ಕೆನ್ನೆ

ಎರಡು ವರ್ಷಗಳ ಹಿಂದೆ ನಾನು ಮೈಸೂರಿನ ಒಂದು ಬೋಧನಾ ಆಸ್ಪತ್ರೆಯಲ್ಲಿ ಬಾಯಿ, ದವಡೆ ಮತ್ತು ಮುಖದ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಕಿರಿಯ ವೈದ್ಯೆಯಾಗಿ ಸೇರಿದ್ದೆ. ನಮ್ಮಲ್ಲಿಗೆ ಬರುವ ಗಂಡಸರು ಹೆಚ್ಚಾಗಿ ಬೈಕಿನಿಂದ ಬಿದ್ದು ದವಡೆ ಮುರಿದುಕೊಂಡವರು, ಇಲ್ಲವೇ ಗುಟ್ಕಾ ಅಗಿದು ಬಾಯಿ ತೆರೆಯಲಾಗದವರು. ಚೆಂದ ಕಾಣಲು ಹೋಗಿ ಅನ್ನ ಕೊಡುವ ಬಾಯನ್ನೇ ಕೆಡಿಸಿಕೊಂಡು ಬಂದ ಮೊದಲ ಯುವಕನನ್ನು ನಾನು ನೋಡಿದ್ದು ಆ ವರ್ಷದ ಶ್ರಾವಣದಲ್ಲಿ.

ಹೆಸರು ಮಧು, ವಯಸ್ಸು ಇಪ್ಪತ್ತನಾಲ್ಕು. ಜೊತೆಯಲ್ಲಿ ತಂದೆ ಸಿದ್ದರಾಜು, ತಂದೆಯ ಹೆಗಲಲ್ಲಿ ಬಟ್ಟೆಯ ಚೀಲದೊಳಗೆ ನಾದಸ್ವರ. ಕುಂಬಾರಕೊಪ್ಪಲಿನ ಈ ಕುಟುಂಬ ಮದುವೆಗಳಿಗೆ ವಾಲಗ ನುಡಿಸುವುದನ್ನೇ ನಂಬಿ ಬದುಕುತ್ತಿತ್ತು. ಹುಡುಗ ನೋಡಲು ಲಕ್ಷಣವಾಗಿದ್ದ. ಗೆರೆ ಎಳೆದಂಥ ದವಡೆ, ಒಳಗೆ ಇಳಿದ ಕೆನ್ನೆ. ಮೊದಲ ನೋಟಕ್ಕೆ ಅವನಲ್ಲಿ ಯಾವ ಕಾಯಿಲೆಯೂ ಕಾಣಲಿಲ್ಲ.

ಮಾತು ಆರಂಭಿಸಿದ್ದು ತಂದೆ. "ನಿನ್ನೆ ಇಲವಾಲದ ಛತ್ರದಲ್ಲಿ ಮಾನ ಹೋಯ್ತು ಕಣಮ್ಮ. ಅಯ್ನೋರು ಗಟ್ಟಿಮೇಳ ಗಟ್ಟಿಮೇಳ ಅಂತಾವ್ರೆ, ಡೋಲು ಬಾರಿಸ್ತಾವ್ರೆ, ಇವ್ನು ಊದಿದ್ರೆ ಬುಸ್ ಅಂತದೆ. ಬರೀ ಗಾಳಿ! ತಾಳಿ ಕಟ್ಟೋ ಹೊತ್ತಲ್ಲಿ!"

ತಾಳಿ ಕಟ್ಟುವ ಗಳಿಗೆಯಲ್ಲಿ ಕೆಟ್ಟ ಮಾತೊಂದು ಕಿವಿಗೆ ಬೀಳಬಾರದೆಂದೇ ಗಟ್ಟಿಮೇಳ. ಆ ಗಳಿಗೆಯಲ್ಲಿ ನಾದಸ್ವರ ಕೈಕೊಟ್ಟರೆ ಮುಂದೆ ಆ ಮೇಳವನ್ನು ಯಾರೂ ಕರೆಯುವುದಿಲ್ಲ. ಸಿದ್ದರಾಜು ಅವರ ಮುಂದಿನ ಹಲ್ಲುಗಳು ಹೋಗಿ, ಕಟ್ಟಿಸಿಕೊಂಡ ಹಲ್ಲುಸೆಟ್ಟು ಊದುವಾಗ ಜಾರುತ್ತಿದ್ದುದರಿಂದ ಅವರು ಆಗಲೇ ಶ್ರುತಿಪೆಟ್ಟಿಗೆಗೆ ಸರಿದಿದ್ದರು. ಮೇಳದಲ್ಲಿ ಊದುವವನು ಉಳಿದಿದ್ದುದು ಮಗನೊಬ್ಬನೇ. ಡೋಲಿನವರು, ತಾಳದವರು ಸೇರಿ ಐದು ಮನೆಗಳು ಅವನ ಉಸಿರನ್ನು ನಂಬಿಕೊಂಡಿದ್ದವು.

ತುಟಿ ಮುಚ್ಚಿ ಕೆನ್ನೆ ಉಬ್ಬಿಸಲು ಹೇಳಿದೆ. ಎಡಗೆನ್ನೆ ಉಬ್ಬಿ ನಿಂತಿತು. ಬಲಗಡೆ ತುಟಿಯ ಮೂಲೆಯಿಂದ ಗಾಳಿ ಸೋರಿಹೋಯಿತು. ಬಾಯಿ ತೆರೆಸಿ ದೀಪ ಹಿಡಿದಾಗ, ಮೇಲಿನ ದವಡೆಹಲ್ಲುಗಳ ಎದುರಿಗೆ, ಎರಡೂ ಕೆನ್ನೆಗಳ ಒಳಗೆ ಹೊಸದಾಗಿ ಕೂಡಿಕೊಂಡ ಗಾಯದ ಗೆರೆಗಳು ಕಂಡವು. ಅವು ಹೊಲಿಗೆ ಹಾಕಿದ್ದ ಗಾಯಗಳು.

"ಇದನ್ನ ಯಾರು ಕೊಯ್ದಿದ್ದು?" ಎಂದೆ.

ಮಧು ತಂದೆಯ ಮುಖ ನೋಡಿದ. "ಹೇಳೋ," ಎಂದರು ಸಿದ್ದರಾಜು. "ಬಾಯೊಳಗೆ ಸೊಳ್ಳೆ ಕಚ್ಚಿತ್ತಾ?"

ಅವನು ಹೇಳಿದ್ದು ಇಷ್ಟು. ಯಾವುದೋ ಮದುವೆಯಲ್ಲಿ ಅವನು ಊದುತ್ತಿದ್ದುದನ್ನು ಒಬ್ಬರು ಮೊಬೈಲಿನಲ್ಲಿ ಸೆರೆಹಿಡಿದು, ಉಬ್ಬಿದ ಕೆನ್ನೆಗಳು ನಿಧಾನವಾಗಿ ಅಲುಗಾಡುವಂತೆ ಮಾಡಿ, ನಗುವ ಸದ್ದು ಸೇರಿಸಿ ರೀಲ್ ಹಾಕಿದ್ದರು. ಕೆಳಗೆ ಜನ 'ಬಲೂನ್ ಭೈರ' ಎಂದು ಹೆಸರಿಟ್ಟಿದ್ದರು. "ಹತ್ತು ವರ್ಷದಿಂದ ಊದ್ತಿದ್ದೀನಿ ಮೇಡಂ, ಯಾರೂ ಏನೂ ಅಂದಿರ್ಲಿಲ್ಲ. ಅದು ಬಂದ್ಮೇಲೆ ಕನ್ನಡಿ ನೋಡಿದ್ರೆ ಕೆನ್ನೆ ಬಿಟ್ಟು ಇನ್ನೇನೂ ಕಾಣ್ತಿರ್ಲಿಲ್ಲ."

ಆ ರೀಲ್ ನೋಡಿದವನಿಗೆ ಫೋನೇ ಮದ್ದನ್ನೂ ತೋರಿಸಿತು. ಗಂಡಸಿನ ಮುಖ ತಿದ್ದುವ ಉಪದೇಶಕರು ಒಬ್ಬರ ಹಿಂದೊಬ್ಬರು ಬಂದರು. ನಾಲಿಗೆಯನ್ನು ಸದಾ ಅಂಗುಳಕ್ಕೆ ಒತ್ತಿ ಹಿಡಿ ಎಂದ ಒಬ್ಬ. ರಬ್ಬರಿನಂಥ ಗಮ್ ಅಗಿ ಎಂದ ಇನ್ನೊಬ್ಬ. ಕೆನ್ನೆಯಿದ್ದವನು ಮಗು, ದವಡೆಯಿದ್ದವನೇ ಗಂಡು ಎಂದ ಮತ್ತೊಬ್ಬ. ಮಧು ಎಲ್ಲವನ್ನೂ ಮಾಡಿದ. ಕೊನೆಗೆ ಜಯಲಕ್ಷ್ಮಿಪುರಂನ ಒಂದು ಸೌಂದರ್ಯ ಕ್ಲಿನಿಕ್‌ನವರು 'ಆಷಾಢದ ವಿಶೇಷ ರಿಯಾಯಿತಿ' ಎಂಬ ಜಾಹೀರಾತು ಹಾಕಿದ್ದು ಅವನ ಕಣ್ಣಿಗೆ ಬಿತ್ತು. ಆಷಾಢದಲ್ಲಿ ಸೀರೆ ಅಂಗಡಿಯವರು ರಿಯಾಯಿತಿ ಕೊಡುವುದುಂಟು, ಮುಖ ಕೊಯ್ಯುವವರೂ ಕೊಡುತ್ತಾರೆಂದು ನಾನು ತಿಳಿದಿದ್ದು ಅಂದೇ.

"ಆಷಾಢದಲ್ಲಿ ಮದುವೆ ಇರಲ್ಲ. ಶ್ರಾವಣ ಬರೋದ್ರೊಳಗೆ ವಾಸಿಯಾಗ್ತದೆ ಅಂದ್ಕೊಂಡೆ, ಹೊಲಿಗೆ ಬಿಚ್ಕೋಬಾರ್ದು ಅಂತ ಅಲ್ಲೀವರೆಗೂ ಊದಿರ್ಲಿಲ್ಲ," ಎಂದ ಮಧು. ವಾಲಗದವನಲ್ಲದೆ ಬೇರೆ ಯಾರೂ ಹಾಗೆ ಲೆಕ್ಕ ಹಾಕುತ್ತಿರಲಿಲ್ಲ.

ತಂದೆ ನಾದಸ್ವರದ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡರು. "ಬುದ್ಧಿಹಲ್ಲು ಕೀಳಿಸ್ದೆ ಅಂದ್ಬುಟ್ಟ ಕಣಮ್ಮ ನನ್ಗೆ. ಪಾಪ ನೋವು ಅಂತ ನಾನೇ ಗಂಜಿ ಮಾಡಿ ಕುಡಿಸ್ದೆ," ಎಂದರು.

ಇಲ್ಲಿ ಸ್ವಲ್ಪ ವಿವರಣೆ ಬೇಕು. ಕೆನ್ನೆಯ ಆಳದಲ್ಲಿ ಕೊಬ್ಬಿನದೊಂದು ಗಂಟು ಇರುತ್ತದೆ. ಬಾಯೊಳಗಿನಿಂದ ಕೊಯ್ದು ಅದನ್ನು ಹೊರತೆಗೆಯುವುದಕ್ಕೆ ಬಕ್ಕಲ್ ಫ್ಯಾಟ್ ರಿಮೂವಲ್ ಎನ್ನುತ್ತಾರೆ. ಕೆನ್ನೆಯನ್ನೂ ಮೇಲ್ದುಟಿಯನ್ನೂ ಆಡಿಸುವ ನರದ ಎಳೆಗಳು ಆ ಗಂಟಿನ ಮಗ್ಗುಲಲ್ಲೇ ಹಾದುಹೋಗುತ್ತವೆ. ಆತುರದ ಕೈ ಅವನ್ನು ಜಗ್ಗಿದರೆ ಕೆನ್ನೆಯ ಸ್ನಾಯು ಸೋಲುತ್ತದೆ. ಮಾತನಾಡಬಹುದು, ಉಣ್ಣಬಹುದು, ನಗಬಹುದು, ಆದರೆ ಗಾಳಿಯನ್ನು ಒತ್ತಿಟ್ಟುಕೊಳ್ಳಲಾಗದು. ನರದ ಪರೀಕ್ಷೆ ಮಾಡಿಸಿದೆವು. ಬಲಗಡೆಯ ಎಳೆಗೆ ಪೆಟ್ಟಾಗಿತ್ತು, ಪೂರ್ತಿ ತುಂಡಾಗಿರಲಿಲ್ಲ. ಶಕ್ತಿ ಮರಳಬಹುದು, ಎಷ್ಟು ಮರಳುತ್ತದೆಂದು ಹೇಳಲಾರೆ ಎಂದೆ.

ನಾನು ಆ ಕ್ಲಿನಿಕ್ ಮೇಲೆ ಜಿಲ್ಲಾ ಆರೋಗ್ಯ ಇಲಾಖೆಗೆ ದೂರು ಬರೆಯಲು ಕೂತಾಗ ನಮ್ಮ ಹಿರಿಯ ವೈದ್ಯರೊಬ್ಬರು ಕರೆದು ಹೇಳಿದರು: "ನೀನು ಇನ್ನೂ ಚಿಕ್ಕವಳಮ್ಮ. ಇದೇ ಊರಲ್ಲಿ ಪ್ರಾಕ್ಟೀಸ್ ಮಾಡ್ಬೇಕು. ಹುಡುಗ ತಾನಾಗೇ ಹೋಗಿ ಮಾಡಿಸ್ಕೊಂಡಿದ್ದಾನೆ, ಬಿಡು."

"ಹೌದು ಸರ್, ಹೋಗಿದ್ದು ಅವನೇ. ಕೊಯ್ದವರು ಯಾರು?" ಎಂದೆ. ನಾನು ಬರೆದೆ.

ಸಿದ್ದರಾಜು ಹಿಂಜರಿದರು. ಗಂಡುಹುಡುಗ ಚೆಂದಕ್ಕಾಗಿ ಕೆನ್ನೆ ಕೊಯ್ಯಿಸಿಕೊಂಡನೆಂದು ಊರಿಗೇ ಗೊತ್ತಾದರೆ ಜನ ಆಡಿಕೊಳ್ಳುತ್ತಾರೆಂಬ ಭಯ ಅವರದು. ಸಹಿ ಹಾಕಿದವನು ಮಧು. "ನಗೋರು ಆಗ್ಲೇ ನಕ್ಕಾಯ್ತಲ್ಲಪ್ಪ," ಎಂದ.

ಕೆಲವು ತಿಂಗಳ ಬಳಿಕ ಇಲಾಖೆಯ ವಿಚಾರಣಾ ಸಮಿತಿಯ ಮುಂದೆ ಕುಳಿತೆವು. ಕೆನ್ನೆ ಕೊಯ್ದಿದ್ದ ಕ್ಲಿನಿಕ್‌ನ ವೈದ್ಯರು ಎರಡು ಫೋಟೋಗಳನ್ನು ಮೇಜಿನ ಮೇಲಿಟ್ಟರು. ಮೊದಲನೆಯದರಲ್ಲಿ ದುಂಡು ಮುಖದ ಹುಡುಗ, ಎರಡನೆಯದರಲ್ಲಿ ದವಡೆಯ ಗೆರೆಯಿರುವ ಯುವಕ. "ಕೇಳಿದ ರಿಸಲ್ಟ್ ಕೊಟ್ಟಿದ್ದೀವಿ. ಮಾತಾಡ್ತಾರೆ, ಊಟ ಮಾಡ್ತಾರೆ. ಏನು ನಷ್ಟ ಆಗಿದೆ ಹೇಳಿ?"

ಸಮಿತಿಯ ಅಧ್ಯಕ್ಷೆ ಕೇಳಿದರು: "ಇವರು ಏನು ಕೆಲಸ ಮಾಡ್ತಾರೆ ಅಂತ ವಿಚಾರಿಸಿದ್ರಾ?"

"ಕಾಸ್ಮೆಟಿಕ್ ಅಲ್ವಾ ಮೇಡಂ, ಅದೆಲ್ಲ ಕೇಳೋ ಅಗತ್ಯ ಬರಲ್ಲ."

ಆಗ ಸಿದ್ದರಾಜು ಯಾರ ಅಪ್ಪಣೆಗೂ ಕಾಯದೆ ಚೀಲ ಬಿಚ್ಚಿ ನಾದಸ್ವರವನ್ನು ಮಗನ ಕೈಗಿತ್ತರು. "ಊದು ಮಗ. ಏನ್ ನಷ್ಟ ಅಂತ ಕೇಳ್ತಾವ್ರೆ, ಕೇಳಿಸ್ಕೊಳ್ಲಿ."

ಮಧು ಎದ್ದು ನಿಂತು ನಾದಸ್ವರದ ತುದಿಯ ಪೀಪಿಯನ್ನು ತುಟಿಗಿಟ್ಟ. ಕುತ್ತಿಗೆಯ ನರಗಳು ಉಬ್ಬಿದವು. ಬಂದದ್ದು ಹರಿದ ಟೈರಿನಿಂದ ಗಾಳಿ ಹೋಗುವಂಥ ಸದ್ದು. ಮತ್ತೊಮ್ಮೆ ಪ್ರಯತ್ನಿಸಿದ. ಅದೇ ಸದ್ದು. ತುಟಿಯ ಮೂಲೆಯಿಂದ ಎಂಜಲು ಗದ್ದಕ್ಕಿಳಿದು ಅವನು ನಾಚಿ ಒರೆಸಿಕೊಂಡಾಗ ಅಧ್ಯಕ್ಷೆ, "ಸಾಕಪ್ಪ, ಕೂತ್ಕೋ," ಎಂದರು. ಕ್ಲಿನಿಕ್‌ನ ವೈದ್ಯರು ಫೋಟೋಗಳನ್ನು ಮೆಲ್ಲನೆ ತಮ್ಮ ಕಡೆ ಎಳೆದುಕೊಂಡರು.

ಕೊಯ್ದವರಿಗೆ ಈ ಶಸ್ತ್ರಚಿಕಿತ್ಸೆಯಲ್ಲಿ ಇದ್ದದ್ದು ವಾರಾಂತ್ಯದ ತರಬೇತಿ ಮಾತ್ರ ಎಂಬುದು ಅಂದು ಹೊರಬಿತ್ತು. ಸಮಿತಿ ಎಚ್ಚರಿಕೆ ಕೊಟ್ಟು, ಇನ್ನು ಇಂಥದ್ದನ್ನು ಮಾಡಕೂಡದೆಂದು ಬರೆಯಿತು. ಕ್ಲಿನಿಕ್ ಹೆಸರು ಬದಲಿಸಿಕೊಂಡು ಅದೇ ರಸ್ತೆಯಲ್ಲಿ ಇಂದಿಗೂ ಇದೆ. ಬಲೂನ್ ಭೈರನ ರೀಲ್ ಕೂಡ ಇದೆ. ಅದನ್ನು ಹಾಕಿದವರನ್ನಾಗಲಿ, ಅದರ ಬೆನ್ನಿಗೇ ಮದ್ದು ಮಾರಿದವರನ್ನಾಗಲಿ ಯಾವ ಸಮಿತಿಯೂ ಕರೆದು ಕೂರಿಸಲಿಲ್ಲ. ತಾನೇ ಬಯಸಿ ಹೋದ ಎಂಬ ಒಂದೇ ಮಾತಿನಿಂದ ಎಲ್ಲರೂ ಕೈ ತೊಳೆದುಕೊಂಡರು. ನಾಚಿಕೆಯನ್ನು ಮೊದಲು ಹುಟ್ಟಿಸಿ, ಆಮೇಲೆ ಅದಕ್ಕೆ ಚಿಕಿತ್ಸೆ ಮಾರುವುದನ್ನು ಬಯಕೆ ಎಂದು ಕರೆಯಲು ನಾನು ಒಪ್ಪುವುದಿಲ್ಲ.

ಈ ಪ್ರಕರಣದ ನಂತರ ನನ್ನ ಮುಂದೆ ಯಾರೇ ಕುಳಿತರೂ, ಮುಖ ಮುಟ್ಟುವ ಮೊದಲು, ಈ ಬಾಯಿಂದ ನೀವು ಏನು ಕೆಲಸ ಮಾಡುತ್ತೀರಿ ಎಂದು ಕೇಳುತ್ತೇನೆ. ಮುಖ ಇರುವುದು ನೋಡುವವರಿಗಾಗಿ ಅಲ್ಲ, ಅದನ್ನು ಹೊತ್ತು ದುಡಿಯುವವನಿಗಾಗಿ. ವೃತ್ತಿ ನನಗೆ ಕಲಿಸಿದ್ದು ಇದನ್ನೇ.

ಮಧು ತಿಂಗಳುಗಟ್ಟಲೆ ಕನ್ನಡಿಯ ಮುಂದೆ ನಿಂತು ಕೆನ್ನೆಯ ವ್ಯಾಯಾಮ ಮಾಡಿದ. ಬಲಗಡೆ ಶಕ್ತಿ ಅರ್ಧವಷ್ಟೇ ಮರಳಿತು. ಮರುವರ್ಷದ ಶ್ರಾವಣದಲ್ಲಿ ಸಂಬಂಧಿಕರೊಬ್ಬರು ಧೈರ್ಯ ಮಾಡಿ ಅವರ ಮೇಳವನ್ನು ಕರೆದರು. ನಾನೂ ಹೋಗಿದ್ದೆ. ಪುರೋಹಿತರು ಗಟ್ಟಿಮೇಳ ಎಂದು ಕೂಗಿದಾಗ, ಪಕ್ಕದಲ್ಲಿ ಕುಳಿತಿದ್ದ ಸಿದ್ದರಾಜು ಅಂಗೈಯನ್ನು ಮಗನ ಬಲಗೆನ್ನೆಗೆ ಒತ್ತಿ ಹಿಡಿದರು. ಯಾರೋ ಮೊಬೈಲ್ ಎತ್ತಿದರು. ಮಧು ಮುಖ ತಿರುಗಿಸಲಿಲ್ಲ. ಎಡಗೆನ್ನೆ ಉಬ್ಬಿತು, ಬಲಗೆನ್ನೆ ಅಪ್ಪನ ಅಂಗೈಯೊಳಗೆ ಉಬ್ಬಿತು, ನಾದಸ್ವರ ನುಡಿಯಿತು. ತಾಳಿಯ ಗಂಟು ಬೀಳುವವರೆಗೂ ನುಡಿಯಿತು.

ಆ ಅಂಗೈ ಇನ್ನೆಷ್ಟು ವರ್ಷ ಅಲ್ಲೇ ಇರಬೇಕು ಎಂಬುದಕ್ಕೆ ಕೊಯ್ದವರು ಉತ್ತರ ಕೊಡಲಿ.